ಗಾಳಿ ಇಳಿದ ಸೈಕಲ್ಲು

ಮಧ್ಯಾಹ್ನದ ಆಟ ಬಿಟ್ಟಿತ್ತು. ಚಿತ್ರಮಂದಿರದ ಗಾಡಿ ಸ್ಟ್ಯಾಂಡಿನವನು ಟೋಕನ್ ವಾಪಸು ಪಡೆಯುತ್ತಿದ್ದ. ಸಿನಿಮಾ ನೋಡಿ ಬಂದವರ ಮಾತನ್ನು ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವನು. ಆದರೆ ಕೂದಲು ನರೆತ ಈ ಸ್ನೇಹಿತರಿಬ್ಬರ ಮಾತು ಕೇಳಿ, ಟೋಕನ್ನಿಗೆ ಚಾಚಿದ ಅವನ ಕೈ ಹಾಗೇ ನಿಂತುಬಿಟ್ಟಿತು.

"ಎಂಥ ಪೆದ್ದನೋ ಆ ಸಿನಿಮಾ ಹುಡುಗ! ಜೊತೇಲಿ ನಡ್ಕೊಂಡು ಹೋಗೋ ಆಸೆಗೆ ದಿನಾ ಅವಳ ಸೈಕಲ್ ಗಾಳಿ ತೆಗೀತಾನೆ, ಬಾಯಿ ಮಾತ್ರ ಬಿಡಲ್ಲ," ಎಂದು ಹೆಂಗಸು ನಕ್ಕಳು.

ಗಂಡಸು ನಗಲಿಲ್ಲ. "ಹತ್ತನೇ ಕ್ಲಾಸಲ್ಲಿ ನಿನ್ನ ಸೈಕಲ್ದೂ ದಿನಾ ಗಾಳಿ ಇಳಿದಿರ್ತಿತ್ತಲ್ಲ."

"ಅದು ಹಳೇ ಟ್ಯೂಬು ಕಣೋ."

"ಟ್ಯೂಬು ಚೆನ್ನಾಗೇ ಇತ್ತು."

"ನಿನಗೆ ಹೇಗೆ ಗೊತ್ತು?"

ಗೆಳೆಯ ಟೋಕನ್ನನ್ನು ಬೆರಳಲ್ಲಿ ತಿರುಗಿಸುತ್ತ ನಿಂತ. ಅವಳ ನಗು ಇದ್ದಲ್ಲೇ ಹೆಪ್ಪುಗಟ್ಟಿತು.

"ಅಯ್ಯೋ ಪಾಪಿ! ನಿನಗೆ ಹೆಣ್ಣು ಹುಡುಕಿ ಕೊಟ್ಟವಳೇ ನಾನಲ್ವೇನೋ! ಆಗಲೂ ಹೇಳೋಕೆ ಬಾಯಿ ಬರಲಿಲ್ವಾ?"

"ನಿನ್ನ ಮನಸಲ್ಲಿ ಅಂಥದ್ದೇನೂ ಇಲ್ಲ ಅಂದ್ಕೊಂಡೆ."

"ಮೊದಲನೇ ವಾರದಲ್ಲೇ ನಮ್ಮಪ್ಪ ಒಂದು ಪುಟ್ಟ ಪಂಪು ತಂದುಕೊಟ್ಟಿದ್ರು ಕಣೋ. ವರ್ಷಪೂರ್ತಿ ಅದು ನನ್ನ ಬ್ಯಾಗಲ್ಲೇ ಇತ್ತು."

ಅವನ ಕೈಯಿಂದ ಟೋಕನ್ ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳಬೇಕೆಂದು ಸ್ಟ್ಯಾಂಡಿನವನಿಗೂ ಹೊಳೆಯಲಿಲ್ಲ.

ನೀರು ಕುಡಿಯಲು ಹೋಗಿದ್ದ ಗೆಳೆಯನ ಹೆಂಡತಿ ಬಂದಳು. "ಏನ್ರೀ, ಇನ್ನೂ ಗಾಡಿ ತೆಗೆದಿಲ್ವಾ? ಇಬ್ಬರೂ ಯಾಕೆ ದೆವ್ವ ಕಂಡವರ ಹಾಗೆ ನಿಂತಿದ್ದೀರಾ?"

"ಟೈರಲ್ಲಿ ಗಾಳಿ ಇದ್ಯಾ ಅಂತ ನೋಡ್ತಿದ್ದೆ."

"ಗಾಳಿ ಸರಿಯಾಗೇ ಇದೆ. ನೀವಿಬ್ಬರೂ ಹೊರಡಿ," ಎಂದ ಗೆಳತಿ, ಎದುರಿಗೇ ಬಂದು ನಿಂತ ಬಸ್ಸನ್ನೂ ಹತ್ತದೆ, ಒಬ್ಬಳೇ ನಡೆದು ಹೊರಟಳು.