ಚೆಂಡು ತೂಗುವವಳ ತಾಯಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ನಮ್ಮ ಲಾಟರಿ ಕಚೇರಿಯ ಸಹೋದ್ಯೋಗಿಗಳೇ, ಮೂರನೇ ಸಾಲಿನ ಅಂಚಿನ ಕುರ್ಚಿಯಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ನನ್ನ ತಾಯಿಯೇ ಮತ್ತು ಸಭಿಕರೇ,

ನನ್ನನ್ನು ಬೀಳ್ಕೊಡುತ್ತಾ ಅಧ್ಯಕ್ಷರು ‘ಕೌಟುಂಬಿಕ ಕಾರಣಗಳಿಂದ’ ಎಂದರು. ಸಂಭಾವಿತರ ಮಾತು. ಆ ಕೌಟುಂಬಿಕ ಕಾರಣ ಹಸಿರು ಸ್ವೆಟರ್ ತೊಟ್ಟು ನಿಮ್ಮ ನಡುವೆಯೇ ಕುಳಿತಿದೆ.

ನನ್ನ ಕೆಲಸ ನಿಮಗೆ ಗೊತ್ತು. ಪ್ರತಿ ಶನಿವಾರ ಡ್ರಾಗೆ ಮೊದಲು ಸೊನ್ನೆಯಿಂದ ಒಂಬತ್ತರವರೆಗಿನ ಚೆಂಡುಗಳನ್ನು ಒಂದೊಂದಾಗಿ ತೂಗುವುದು, ಎಲ್ಲವೂ ಒಂದೇ ತೂಕ ಎಂದು ಸಹಿ ಹಾಕುವುದು, ಗಾಜಿನ ಪೆಟ್ಟಿಗೆಗೆ ಬಿಡುವುದು. ಹೋದ ವಾರ ಏಳು ಬಂದಿತ್ತೆಂದು ಈ ವಾರ ಏಳಕ್ಕೆ ಸಂಕೋಚವಿಲ್ಲ. ಎಂಟಕ್ಕೆ ಬಹಳ ದಿನದಿಂದ ಅವಕಾಶ ಸಿಕ್ಕಿಲ್ಲವೆಂದು ಯಾರೂ ಜಾಗ ಬಿಟ್ಟುಕೊಡುವುದಿಲ್ಲ. ಇಷ್ಟು ನ್ಯಾಯ ಜಗತ್ತಿನಲ್ಲಿ ಬೇರೆಲ್ಲಿದೆ? ನಮ್ಮ ಕಚೇರಿಯ ಬಡ್ತಿ ಪಟ್ಟಿಯಲ್ಲಿದೆಯೇ? ಕ್ಷಮಿಸಿ.

ಆದರೆ ನ್ಯಾಯವಾದ ಆಟವೆಂದ ಮಾತ್ರಕ್ಕೆ ಅದು ಗೆಲ್ಲುವ ಆಟವಲ್ಲ. ಕೊಂಡವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸೋಲಲೇಬೇಕು. ಆಗಲೇ ಒಬ್ಬರಿಗೆ ಬಹುಮಾನ, ಸರ್ಕಾರಕ್ಕೆ ಪಾಲು, ನಮಗೆ ಸಂಬಳ. ಇದನ್ನು ಒಮ್ಮೆ ಮನೆಯಲ್ಲಿ ವಿವರಿಸಿದೆ.

‘ಕೈಯಲ್ಲಿ ದುಡ್ಡಿಲ್ಲದವರೇ ಜಾಸ್ತಿ ಕೊಳ್ಳೋದು, ಅಮ್ಮ. ಅದೇ ಬೇಜಾರು’ ಎಂದೆ.

‘ಅವರ ದುಡ್ಡಲ್ಲಿ ಸಂಬಳ ತಗೊಳ್ಳೋವಾಗ ಬೇಜಾರಾಗಲ್ವೇನೇ?’ ಎಂದಳು.

ಇಂಗ್ಲಿಷ್ ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು. ಆ ಪ್ರಶ್ನೆ ಬಂದ ಕೂಡಲೇ ಎದ್ದು ಅಕ್ಕಿ ತೊಳೆಯಲು ಹೋದೆ.

ನಮ್ಮ ನಿಯಮವೂ ನಿಮಗೆ ಗೊತ್ತು: ನೌಕರರಾಗಲಿ, ಅವರ ಮನೆಯಲ್ಲಿರುವವರಾಗಲಿ ಟಿಕೆಟ್ ಕೊಳ್ಳುವಂತಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಹಚ್ಚಿಕೊಂಡದ್ದು ಒಂದೇ ಹವ್ಯಾಸ, ವಾರಕ್ಕೊಂದು ಟಿಕೆಟ್. ನಾನು ಇಲ್ಲಿಗೆ ಸೇರಿದ ದಿನ ಅದೂ ನಿಂತಿತು.

‘ಅಷ್ಟು ವರ್ಷ ಕೊಂಡೆಯಲ್ಲ, ಏನು ಸಿಕ್ತು ನಿಂಗೆ?’ ಎಂದು ಕೇಳಿದೆ.

‘ಶನಿವಾರ ಸಿಕ್ತಿತ್ತು’ ಎಂದಳು.

ನನ್ನ ತಾಯಿ ನಿಯಮ ಮುರಿಯುವವಳಲ್ಲ. ಅದರ ಪಕ್ಕದಲ್ಲೇ ಜಾಗ ಮಾಡಿಕೊಂಡು ಕುಳಿತಳು. ಈ ಕಟ್ಟಡದ ಕೆಳಗಿರುವ ಟಿಕೆಟ್ ಅಂಗಡಿಯ ಬೆಂಚಿಗೆ ಸಂಜೆ ಹೋಗುವುದು. ಕೊಳ್ಳಲು ಬಂದವರಿಗೆ, ‘ನಾನಾಗಿದ್ರೆ ಮೂರರಲ್ಲಿ ಮುಗಿಯೋದನ್ನ ತಗೊಳ್ತಿದ್ದೆ, ನೋಡಪ್ಪ’ ಅನ್ನುವುದು. ಅಷ್ಟೇ. ಯಾರಾದರೂ ಮಾತಿಗೆ ಸಿಕ್ಕರೆ ಇನ್ನೊಂದು: ‘ಚೆಂಡು ತೂಗೋದು ನನ್ನ ಮಗಳೇ.’

ಆ ಹೆಮ್ಮೆ ಜನರ ಕಿವಿಗೆ ಹೇಗೆ ಕೇಳಿಸಿರಬಹುದು? ಬೆಂಚಿನ ಮುಂದೆ ಸಾಲು ಬೆಳೆಯಿತು. ಎಷ್ಟೋ ವಾರ ಅವಳು ಹೇಳಿದ್ದು ಸೋತಿತು, ಯಾರೂ ನೆನಪಿಡಲಿಲ್ಲ. ಒಂದು ವಾರ ಎದುರಿನ ಕ್ಷೌರದಂಗಡಿಯವರಿಗೆ ಸಣ್ಣ ಬಹುಮಾನ ಬಂತು, ಯಾರೂ ಮರೆಯಲಿಲ್ಲ. ಲಾಟರಿ ನಡೆಯುವುದೇ ಹೀಗಲ್ಲವೇ? ಮಗಳೇ ಮನೆಯಲ್ಲಿ ನಂಬರಿನ ಗುಟ್ಟು ಹೇಳುತ್ತಾಳೆಂದು ದೂರು ಬಂತು. ವಿಚಾರಣೆ ನಡೆಯಿತು. ನನ್ನ ತಕ್ಕಡಿಯನ್ನು ಬಿಚ್ಚಿ ನೋಡಿದರು. ತಕ್ಕಡಿ ಸರಿಯಾಗಿತ್ತು.

‘ಆದ್ರೂ ಮೇಡಂ, ಒಂದೋ ನಿಮ್ಮ ತಾಯಿಯವರು ಬೆಂಚು ಬಿಡ್ಬೇಕು, ಇಲ್ಲ ನೀವು ಕುರ್ಚಿ ಬಿಡ್ಬೇಕು’ ಎಂದರು ಅಧ್ಯಕ್ಷರು. ಅವರ ಮುಖ ನನ್ನದಕ್ಕಿಂತ ಸಣ್ಣದಾಗಿತ್ತು.

ಮನೆಗೆ ಹೋಗಿ ಹೇಳಿದೆ. ಅಮ್ಮ ತಟ್ಟೆ ತೊಳೆಯುತ್ತಾ, ‘ಅದಕ್ಯಾಕೆ ಮುಖ ಊದಿಸ್ಕೊಂಡಿದೀಯ? ನಾಳೆಯಿಂದ ಹೋಗಲ್ಲ, ಬಿಡು’ ಎಂದಳು. ಹೋಗಲಿಲ್ಲ. ಮಾರನೆಯ ಸಂಜೆ ಬಾಗಿಲ ಬಳಿಯ ಚಪ್ಪಲಿಗಳನ್ನು ಜೋಡಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಬಂದು, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು.

ನಾನು ರಾಜೀನಾಮೆ ಬರೆದದ್ದು ಆಮೇಲೆ. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಸರಿ ಮಾಡಿದೆನೋ ತಪ್ಪು ಮಾಡಿದೆನೋ ನನಗೂ ಗೊತ್ತಿಲ್ಲ. ತಾಯಿ ಸೋಲುವ ಟಿಕೆಟ್ ಕೊಳ್ಳಲಿ ಎಂದು ಕೆಲಸ ಬಿಟ್ಟ ಮಕ್ಕಳು ಈ ಸಭೆಯಲ್ಲಿ ಬೇರೆ ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಿ, ಸಮಾಧಾನವಾದೀತು.

ಐದು ಗಂಟೆಗೆ ನನ್ನ ಸೇವೆ ಮುಗಿಯಿತು. ಈಗ ಐದು ದಾಟಿದೆ. ಮೂರನೇ ಸಾಲಿನ ಅಂಚಿನ ಕುರ್ಚಿ ಖಾಲಿಯಾಗಿದೆ. ಗಾಬರಿಯಾಗಬೇಡಿ, ಕೆಳಗಿನ ಟಿಕೆಟ್ ಅಂಗಡಿಗೇ ಹೋಗಿದ್ದಾಳೆ. ನಾಳೆ ಡ್ರಾ ಇದೆಯಲ್ಲ. ಹಿಂದಿನ ಸಾಲಿನವರೂ ಒಬ್ಬೊಬ್ಬರಾಗಿ ಏಳುತ್ತಿರುವುದು ಕಾಣುತ್ತಿದೆ. ನಿಯಮ ನಿಮಗೆ ಇನ್ನೂ ಇದೆ, ಸ್ವಾಮಿ! ಅಧ್ಯಕ್ಷರೇ, ನೀವು ಕಾರಿನ ಚಾಲಕರನ್ನು ಕರೆದು ಕಿವಿಯಲ್ಲಿ ಏನು ಹೇಳಿದಿರೆಂದು ನಾನು ಕೇಳುವುದಿಲ್ಲ.

ನನಗಂತೂ ಇನ್ನು ಯಾವ ನಿಯಮವೂ ಇಲ್ಲ. ಎಲ್ಲ ಚೆಂಡೂ ಒಂದೇ ತೂಕ. ಸಹಿ ಹಾಕಿದವಳೇ ನಾನು. ಆದರೂ ಕೆಳಗೆ ಹೋಗುವವರು ಅಮ್ಮನಿಗೆ ಒಂದು ಮಾತು ಮುಟ್ಟಿಸಿ: ಅವಳು ಕೊಂಡದ್ದರ ಪಕ್ಕದ ನಂಬರನ್ನು ನನಗಾಗಿ ಎತ್ತಿಡಿಸಲಿ. ನಾಳೆಯ ಶನಿವಾರ ನನಗೂ ಬೇಕು.

ಇಷ್ಟು ವರ್ಷ ನನ್ನ ಸಹಿಯನ್ನು ನಂಬಿದ್ದಕ್ಕೆ, ನನ್ನ ತಾಯಿಯನ್ನು ಅದಕ್ಕಿಂತ ಹೆಚ್ಚು ನಂಬಿದ್ದಕ್ಕೆ, ಇನ್ನೂ ಕುಳಿತಿರುವ ನಿಮ್ಮೆಲ್ಲರಿಗೂ ಕೃತಜ್ಞತೆಗಳು. ನಮಸ್ಕಾರ.