ಮೇಲೆ, ಕೆಳಗೆ, ಕೆಳಗೆ, ಮೇಲೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಇಂದು ಸನ್ಮಾನ ಸ್ವೀಕರಿಸಿದ ನಮ್ಮ ಯಜಮಾನರೇ, ಕುರ್ಚಿ ಸಿಗದೆ ಗೋಡೆಗೊರಗಿ ನಿಂತಿರುವ ನನ್ನ ಹಳೆಯ ಸಂಗಾತಿಗಳೇ, ಸಭಿಕರೇ,

ನಾನು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಓದಿದವಳು. ಭಾಷಣ ಬಾರದು. ಮೂವತ್ತು ವರ್ಷ ಹಿಂದೆ ನಮ್ಮ ಕಾರ್ಖಾನೆ ಮಾಡಿದ ಈ ಮೊದಲ ಕಂಪ್ಯೂಟರಿನ ದೀಪ ಹತ್ತಿಸಿ, ಎರಡು ಮಾತಾಡಿ ಕೂತುಕೋ ಎಂದಿದ್ದಾರೆ. ಮಾತು ಮೊದಲು ಮುಗಿಸುತ್ತೇನೆ.

ಇದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಎಂಟು ಸ್ವಿಚ್ಚು, ಎಂಟು ಕೆಂಪು ದೀಪ, ಅಷ್ಟೆ. ಕರೆಂಟು ಹೋದರೆ ಕಲಿತದ್ದೆಲ್ಲ ಮರೆಯುತ್ತಿತ್ತು. ಮತ್ತೆ ಸ್ವಿಚ್ಚು ಮೇಲೆ ಕೆಳಗೆ ಮಾಡಿ, ಸಾಲು ಸಾಲಾಗಿ ಹೇಳಿಕೊಟ್ಟರೇ ದೀಪ ಹತ್ತುತ್ತಿತ್ತು. ಯಂತ್ರ ಮರೆತರೆ ಹೇಳಿಕೊಡಬಹುದು. ಮನುಷ್ಯರು ಮರೆತರೆ?

ಆ ಸಾಲುಗಳನ್ನು ಬರೆದವರು ಯಾರು? ಸ್ಮರಣ ಸಂಚಿಕೆಯಲ್ಲಿ ಯಜಮಾನರ ಹೆಸರಿದೆ. ಅವರು ಬರೆದದ್ದು ನೂರಿಪ್ಪತ್ತು ಸಾಲು. ನಾವು ತುಂಬಿಸುವಷ್ಟರಲ್ಲಿ ಗಿರಾಕಿ ಎರಡು ಸಲ ಆಕಳಿಸಿ ಎದ್ದು ಹೋಗುತ್ತಿದ್ದ. ಅದನ್ನು ನಲವತ್ತಕ್ಕೆ ಇಳಿಸಿದವಳು ನನ್ನ ಅಕ್ಕ. ಬೆಸುಗೆ ಹಾಕುವ ಮೇಜಿನಲ್ಲೇ ಕೂತು, ಬಿಸ್ಕತ್ತಿನ ಪೊಟ್ಟಣದ ಹಿಂಬದಿಯಲ್ಲಿ ಬರೆದು. ನನಗೆ ಅರ್ಥ ತಿಳಿಯದು. ಅವಳು ಹೇಳಿಕೊಟ್ಟದ್ದನ್ನು ದೇವರ ಸ್ತೋತ್ರದ ಹಾಗೆ ಬಾಯಿಪಾಠ ಮಾಡಿದೆ. ಮೇಲೆ, ಕೆಳಗೆ, ಕೆಳಗೆ, ಮೇಲೆ. ಇರಲಿ, ಇಷ್ಟು ಸಾಕು.

ಯಂತ್ರದ ಜೊತೆ ಕೊಡುವ ಪುಸ್ತಕದಲ್ಲಿ ತನ್ನ ಹೆಸರೂ ಇರಲಿ ಎಂದು ಅಕ್ಕ ಕೇಳಿದಳು. “ಬೆಸುಗೆ ಹಾಕೋಳಿಗೆ ಹೆಸರು ಯಾಕಮ್ಮ? ನಾಳೆಯಿಂದ ಬರಬೇಡ” ಎಂದರು ಯಜಮಾನರು.

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಆದರೆ ಬೆಳಿಗ್ಗೆ ದೇವರ ಮುಂದೆ ಕೈಮುಗಿದು ಬಂದವಳು, ಅರ್ಧ ನಿಜ ಹೇಳಲಾರೆ. ಮರುದಿನ ಅವಳ ಸ್ಟೂಲಿನ ಮೇಲೆ ಕೂತವಳು ನಾನು. ಬಾಯಿಪಾಠ ಬರುತ್ತಿದ್ದದ್ದು ನನಗೊಬ್ಬಳಿಗೇ. ಹಿಂದಿನ ದಿನ ಬಿಟ್ಟುಹೋಗಿದ್ದ ಊಟದ ಡಬ್ಬಿ ಒಯ್ಯಲು ಬಂದ ಅಕ್ಕ ನೋಡಿದಳು. “ಕೂತ್ಕೊಳೇ, ಕೂತ್ಕೋ. ಅದರ ಒಂದು ಕಾಲು ಗಿಡ್ಡ, ನೋಡ್ಕೊಂಡು” ಎಂದಳು. ಆಮೇಲೆ ಸಾಯುವವರೆಗೂ ನನ್ನೊಡನೆ ಮಾತಾಡಲಿಲ್ಲ.

ಕಳೆದ ವಾರ ಯಜಮಾನರ ಮಗ ಮನೆಗೆ ಬಂದು, ಆ ಸಾಲುಗಳಿದ್ದ ಪುಸ್ತಕಗಳನ್ನೆಲ್ಲ ಗೆದ್ದಲು ತಿಂದಿದೆ, ನಿಮ್ಮ ನೆನಪೇ ಗತಿ ಎಂದರು. ಅಕ್ಕನ ಹೆಸರು ಬರೆದ ಒಂದು ಚೀಟಿ ಯಂತ್ರದ ಪಕ್ಕದಲ್ಲಿಡಿ ಎಂದೆ. ನೋಡೋಣ ಎಂದರು. ಈಗ ನಾನೂ ನೋಡಿದೆ. ಚೀಟಿಯಿಲ್ಲ.

ಯಜಮಾನರೇ, ಮೂವತ್ತು ವರ್ಷ ಅನ್ನ ಕೊಟ್ಟಿರಿ, ಅದಕ್ಕೆ ವಂದನೆ. ಉಂಡ ಮನೆಗೆ ಎರಡು ಬಗೆಯಬಾರದು. ಒಡಹುಟ್ಟಿದವಳಿಗೆ ಬಗೆಯಬಹುದೇ? ಒಮ್ಮೆ ಬಗೆದೆ. ಎರಡನೆಯ ಸಲ ಈ ಬೆರಳು ಏಳುವುದಿಲ್ಲ.

ದೀಪ ಹತ್ತುವುದಿಲ್ಲ. ಫೋಟೋದವರು ಕ್ಯಾಮೆರಾ ಮುಚ್ಚಿಕೊಳ್ಳಬಹುದು. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಮಸ್ಕಾರ.