ತೊಂಬತ್ತಾರನೇ ಗುಳಿ

ಇದು ನಮ್ಮತ್ತಿಗೆಗೆ ಆದದ್ದು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಊರೂರು ತಿರುಗುವ ನಾನು ಆ ತಿಂಗಳು ಅಣ್ಣನ ಮನೆಯಲ್ಲಿದ್ದೆ. ರಾತ್ರಿ ಅತ್ತಿಗೆಯನ್ನು ಕೆಲಸದಿಂದ ಕರೆತರುವುದು ನನ್ನ ಪಾಲಿನ ಕೆಲಸ. ಅವತ್ತು ಹಾಳುಬಾವಿ ಹತ್ತಿರ ಬಂದಾಗ ನನ್ನ ತೋಳು ಹಿಡಿದುಕೊಂಡರು. ಕೈ ತಣ್ಣಗೆ ಕೊರೆಯುತ್ತಿತ್ತು...

“ಬಾವಿಯಲ್ಲಿ ಏನಾದ್ರೂ ಇದೆಯಾ ಅತ್ತಿಗೆ?”

“ಕಪ್ಪೆ ಇದೆ. ಬಾಯಿಮುಚ್ಚಿಕೊಂಡು ಕೇಳು.”

ಅತ್ತಿಗೆ ಇದ್ದದ್ದು ಹರಳುಬೀಜದ ವಿಷವನ್ನು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ. ಒಂಟೆಯ ರಕ್ತದಿಂದ ತೆಗೆದ ಪುಟಾಣಿ ಪ್ರತಿಕಾಯಗಳು ಆ ವಿಷವನ್ನು ಹಿಡಿದು ಕಟ್ಟಿಹಾಕುತ್ತವಂತೆ. ಎಲ್ಲಿ ಹಿಡಿಯುತ್ತವೆ ಅಂತ ನಕ್ಷೆ ಬರೆಯಬೇಕು. ಕಳ್ಳನ ಜುಟ್ಟು ಹುಡುಕಿದ ಹಾಗೆ. ಒಂದು ತಟ್ಟೆ, ತೊಂಬತ್ತಾರು ಗುಳಿ. ಒಂದೊಂದಕ್ಕೆ ವಿಷದ ಒಂದೊಂದು ತುಣುಕು. ಹಿಡಿತ ಸಿಕ್ಕ ಗುಳಿ ಹಳದಿಯಾಗುತ್ತದೆ. ಕೊನೆಯದಕ್ಕೆ ಬರೀ ನೀರು. ಅದಕ್ಕೆ ಬಣ್ಣ ಬರಲೇಬಾರದು.

ಆ ನಕ್ಷೆ ಬರೆದವರು ಅತ್ತಿಗೆಯ ಜೊತೆ ಕೆಲಸಕ್ಕಿದ್ದ ಹರಳಕ್ಕ. ಅಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ವಿಷದ ಪುಡಿ ತೂಗುವ ಗಾಜಿನ ಪೆಟ್ಟಿಗೆಯಲ್ಲಿ, ಹಾರಿದ ಪುಡಿಯನ್ನು ಆಚೆಗೆ ಎಳೆದುಬಿಡುವ ಫ್ಯಾನ್ ಕೆಟ್ಟಿತ್ತು. “ಫ್ಯಾನ್ ಸರಿ ಇದೆ, ಕೂತ್ಕೊಳಮ್ಮ” ಅಂದ ಅಲ್ಲಿಯ ಸಾಹೇಬ. ಕೂತರು. ಪುಡಿ ಎದೆಗಿಳಿಯಿತು. ಮೂರನೇ ದಿನ ತೀರಿಕೊಂಡರು. ನಕ್ಷೆಗೆ ಸಾಹೇಬ ತನ್ನ ಹೆಸರು ಹಾಕಿಕೊಂಡ. ಫ್ಯಾನ್ ಓಡುತ್ತಿತ್ತು ಅಂತ ಅತ್ತಿಗೆ, ನಾನು ಹೇಳುತ್ತಿರುವ ಈ ರಾತ್ರಿಯ ಮಾರನೇ ಬೆಳಿಗ್ಗೆ, ಅವನ ಕಾಗದಕ್ಕೆ ರುಜು ಹಾಕಬೇಕಿತ್ತು. ಹಾಕದಿದ್ದರೆ ಮನೆಗೆ.

“ಇವತ್ತು ಸಾಹೇಬ ಆ ನಕ್ಷೇನ ನನ್ನ ಕೈಲಿ ಮತ್ತೆ ಮಾಡಿಸಿದ,” ಅತ್ತಿಗೆ ಪಿಸುಗುಟ್ಟಿದರು. “ತೊಂಬತ್ತೈದು ಗುಳಿಗೂ ಬಣ್ಣವೇ ಬರಲಿಲ್ಲ. ನೀರಿನದು ಹಳದಿ.”

“ನೀವೇ ಅದಲುಬದಲು ಮಾಡಿದ್ರೇನೋ...”

“ಅವನೂ ಅದನ್ನೇ ಅಂದ. ‘ಅದೇನು ಕೈಯಾ, ಸೌಟಾ?’ ಅಂತ. ಇನ್ನೊಂದು ತಟ್ಟೆ ತಾನೇ ಮಾಡಿದ. ಕೊನೆ ಗುಳಿ ತೋರಿಸಿ, ‘ನೋಡು, ಏನೂ ಇಲ್ಲ’ ಅಂತ ಉಫ್ ಅಂತ ಊದಿದ. ಅದೊಂದೇ ಹಳದಿಯಾಯ್ತು ಕಣೋ... ಅವನ ಉಸಿರು ಬಿದ್ದದ್ದು.”

“ಆಮೇಲೆ?”

“ಕೆಟ್ಟ ಫ್ಯಾನ್ ತಿರುಗಿತು, ಗಾಳಿ ಆಚೆಗಲ್ಲ, ಅವನ ಮುಖಕ್ಕೇ. ಕಿರ್ರ್... ಟಕ್. ಕಿರ್ರ್... ಟಕ್. ಪೆಟ್ಟಿಗೆಯೊಳಗೆ ಹರಳಕ್ಕನ ದನಿ. ‘ಫ್ಯಾನ್ ಸರಿ ಇದೆ... ಕೂತ್ಕೊಳಪ್ಪ.’”

“ಕೂತನಾ?”

“ಯಾರೋ ಭುಜ ಅದುಮಿದ ಹಾಗೆ ಕೂತ. ‘ಅದನ್ನ ಆರಿಸಮ್ಮಾ’ ಅಂತ ನನ್ನ ಬೇಡಿಕೊಂಡ. ಸ್ವಿಚ್ಚು ನನ್ನ ಕೈಗೆ ಎಟಕೋ ಹಾಗೇ ಇತ್ತು...”

“ಮತ್ತೆ?”

“ಚೀಲ ತಗೊಂಡು ಬಂದುಬಿಟ್ಟೆ.”

ನಮ್ಮ ಹಿಂದೆ ಯಾರೋ ಮೆತ್ತಗೆ ನಕ್ಕ ಹಾಗಾಯಿತು. ತಿರುಗಿದೆ... ರಸ್ತೆ ಖಾಲಿ.

ಬೆಳಿಗ್ಗೆ ರುಜು ಹಾಕಿಸಿಕೊಳ್ಳಲು ಸಾಹೇಬ ಬರಲಿಲ್ಲ. ಕೆಮ್ಮು ಹಿಡಿದು ಆಸ್ಪತ್ರೆಯಲ್ಲಿದ್ದ. ಮೂರನೇ ದಿನ ಹೋದ. ಎದೆಯಲ್ಲಿ ಇದ್ದದ್ದು ಹರಳಿನ ವಿಷವೇ ಅಂದರು ಡಾಕ್ಟರು.

ಕಟ್ಟುಕತೆ ಅನ್ನುವವರು ಅತ್ತಿಗೆಯನ್ನೇ ಕೇಳಿ, ಈಗಲೂ ಅಲ್ಲೇ ಕೆಲಸಕ್ಕಿದ್ದಾರೆ. ಪೊಲೀಸರು ವಿಷದ ಸೀಸೆ ತರಿಸಿದಾಗ ಬಾಗಿಲಾಚೆ ನಾನೇ ನಿಂತಿದ್ದೆ. ಹರಳಕ್ಕ ತೀರಿಕೊಂಡ ದಿನ ತೂಕ ಬರೆದಿಟ್ಟು ಹಾಕಿದ್ದ ಅರಗಿನ ಮುದ್ರೆ ಒಡೆದಿರಲಿಲ್ಲ. ತೂಗಿ ನೋಡಿದರು. ಸಾಸಿವೆಯಷ್ಟೂ ಕಮ್ಮಿ ಇರಲಿಲ್ಲ.